ಅಗಳಿನ ಜಗಳ: ಅಣ್ಣತಮ್ಮಂದಿರಲ್ಲಿ ಮೊದಲು ಯಾರು ಹೋಗಬೇಕು?

ಕುಂಬಳೆ ಹೊಳೆಬದಿ:
ನಮ್ಮ ವಾಳೆಯಲ್ಲಿ (ಇಗರ್ಜಿಯ ವಾರ್ಡಿನಲ್ಲಿ) ಅಣ್ಣತಮ್ಮಂದಿರ ಎರಡು ಮನೆ. ಅಣ್ಣ ಜೆಸಿಬಿ ತರಿಸಿ ತೋಟದ ಗಡಿಯ ಅಗಳನ್ನು, ಅಂದರೆ ಕಂದಕವನ್ನು, ತಮ್ಮನ ಕಡೆಗೆ ಸರಿಸಿದರು, ತಮ್ಮನ ನಾಲ್ಕು ಅಡಿಕೆ ಮರ ಹೋಯಿತು. ಈಗ ಒಂದೇ ಇಗರ್ಜಿಗೆ ಬಂದರೂ ಬೇರೆ ಬೇರೆ ಬಾಗಿಲಲ್ಲಿ ಹೊರಗೆ ಹೋಗುತ್ತಾರೆ. ತಮ್ಮ ‘ಕ್ಷಮಿಸಿದ್ದೇನೆ’ ಅನ್ನುತ್ತಾರೆ, ಆದರೆ ಮಾತಿಲ್ಲ. ಎರಡೂ ಮನೆಯವರನ್ನು ಭಾನುವಾರ ಒಟ್ಟಿಗೆ ಕೂರಿಸಿ ಮುಗಿಸೋಣ ಎಂಬುದು ವಾಳೆಯ ಮುಖ್ಯಸ್ಥರಾದ ಗುರಿಕಾರರ ಲೆಕ್ಕ. ಈ ಕ್ರಮ ಸರಿಯೇ? ಮಾತಿಲ್ಲದ ಕ್ಷಮೆ ಕ್ಷಮೆಯೇ?

ಮಂಜೇಶ್ವರದ ಓದುಗ:
ಕ್ಷಮೆಗೆ ಒಬ್ಬ ಸಾಕು, ರಾಜಿಗೆ ಇಬ್ಬರು ಬೇಕು. ತಮ್ಮ ಹೇಳಿದ್ದು ಸುಳ್ಳಾಗಬೇಕಿಲ್ಲ, ಅರ್ಧ ದಾರಿ ಅಷ್ಟೇ.

ಗುರಿಕಾರರು ಮೆಟ್ಟಿಲು ಹಾರಿದ್ದಾರೆ. ಬೈಬಲಿನಲ್ಲಿ ಮತ್ತಾಯ 18:15-17ರ ಕ್ರಮ ಹೀಗೆ: ಮೊದಲು ಇಬ್ಬರೇ, ಆಗದಿದ್ದರೆ ಒಬ್ಬಿಬ್ಬರು ಸಾಕ್ಷಿ, ಅದೂ ಆಗದಿದ್ದರೆ ಸಭೆ, ಅಂದರೆ ಇಡೀ ಕ್ರೈಸ್ತ ಸಮುದಾಯ. ಹೆಂಡತಿ ಮಕ್ಕಳ ಎದುರು ಯಾವ ಅಣ್ಣನೂ ‘ತಪ್ಪು ನನ್ನದು’ ಅನ್ನುವುದಿಲ್ಲ. ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರಂತೂ ನೇರ ಮೂರನೇ ಮೆಟ್ಟಿಲಿಗೆ ಹೋದ ಹಾಗೆ.

ಯಾರು ಮೊದಲು? ಅನ್ಯಾಯವಾದವನು ಹೋಗಲಿ ಎನ್ನುತ್ತದೆ 18:15. ಸಹೋದರನಿಗೆ ನಿನ್ನ ಮೇಲೆ ದೂರಿದೆ ಎಂದು ನೆನಪಾದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗು ಎನ್ನುತ್ತದೆ 5:23-24. ಕೇಳುತ್ತಿದ್ದವರು ಗಲಿಲಾಯದಲ್ಲಿ, ಬಲಿಪೀಠ ಜೆರುಸಲೇಮಿನಲ್ಲಿ. ನಡೆದರೆ ಮೂರು ದಿನದ ದಾರಿ! ಇಲ್ಲಿ ಎರಡು ಮನೆಯ ನಡುವೆ ಒಂದು ಅಗಳು. ಇಬ್ಬರೂ ಹೊರಟರೆ ಅದರ ಬದಿಯಲ್ಲೇ ಸಿಕ್ಕಾರು.

ಬೇಳದ ಧರ್ಮೋಪದೇಶಕಿ:
ಹೋದ ಮೇಲೆ ಕೆಡುವುದು ಮಾತಿನಲ್ಲಿ. ‘ತಪ್ಪಾಗಿದ್ದರೆ ಕ್ಷಮಿಸು’ ಅಂದರೆ ತಪ್ಪೇ ಆಗಿಲ್ಲ ಎಂದು ಕೇಳಿಸುತ್ತದೆ. ‘ನಿನ್ನನ್ನು ಕೇಳದೆ ಅಗಳು ಸರಿಸಿದೆ, ನಾಲ್ಕು ಮರ ತೆಗೆಸಿದೆ, ಅದು ತಪ್ಪು’ ಎಂದು ಎಣಿಸಿ ಹೇಳಲಿ. ಆಮೇಲೆ ಸುಮ್ಮನಿರಲಿ. ‘ನೀನೂ ಆವತ್ತು...’ ಎಂದು ಬಾಯಿಗೆ ಬಂದರೆ ಅಲ್ಲಿಗೆ ಕೆಟ್ಟಿತು.

ಪಾಪನಿವೇದನೆ ಮಾಡಿ ಬಂದೆ, ಇನ್ನೇನು ಎನ್ನುವವರಿದ್ದಾರೆ. ಗುರುಗಳು ಕೊಟ್ಟ ಪ್ರಾಯಶ್ಚಿತ್ತದ ಜಪದಿಂದ ಮರದ ಸಾಲ ತೀರುವುದಿಲ್ಲ. ಕಸಿದದ್ದನ್ನು ಹಿಂದಿರುಗಿಸಬೇಕು ಎಂಬುದೂ ಕಥೋಲಿಕ ಬೋಧನೆಯೇ. ಬೈಬಲಿನ ಅರಣ್ಯಕಾಂಡ 5:7ರಲ್ಲಿ ಲೆಕ್ಕವೂ ಇದೆ: ತಪ್ಪನ್ನು ಒಪ್ಪಿಕೊಂಡು, ಪೂರ್ತಿ ಕೊಟ್ಟು, ಐದನೇ ಒಂದು ಪಾಲು ಸೇರಿಸಬೇಕು. ಸುಂಕದವನಾಗಿದ್ದ ಜಕ್ಕಾಯ, ಮೋಸದಿಂದ ಪಡೆದದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆ ಎಂದು ಯೇಸುವಿಗೆ ಅಂದ. ಹಾಗಾಗಿ ನಾಲ್ಕು ಅಡಿಕೆ ಸಸಿ ತಂದುಕೊಟ್ಟರೆ ಮುಗಿಯಲಿಲ್ಲ. ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು, ಅಷ್ಟು ವರ್ಷದ ಅಡಿಕೆಯ ಬೆಲೆಯೂ ಲೆಕ್ಕಕ್ಕೆ ಬರಬೇಕು.

ಇನ್ನೊಂದು. ನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಎಲ್ಲೂ ಎತ್ತುವಂತಿಲ್ಲ. ಅವರು ನಡುವೆ ಬರಬೇಕಾದರೆ ವಿಷಯವನ್ನು ಬೇರೆಯಾಗಿ ಅವರ ಆಫೀಸಿನಲ್ಲಿ ಕೂತು ಹೇಳಿ.

ಉಪ್ಪಳದ ಗುಮಾಸ್ತ:
ಗಡಿಯ ಬಗ್ಗೆಯೇ ತಕರಾರಿದ್ದರೆ ಮೊದಲು ಸರ್ವೆಯವರಿಂದ ಅಳೆಸಿ ಕಲ್ಲು ಹಾಕಿಸಿ. ಅಳತೆ ಇಲ್ಲದೆ ಕೈಕುಲುಕಿದರೆ ಮುಂದಿನ ಮಳೆಗೆ ಮತ್ತೆ ಶುರು. ಕೇಸು ಕೋರ್ಟಿಗೆ ಹೋಗಿದ್ದರೆ ಲೋಕ ಅದಾಲತ್ ಒಳ್ಳೆಯದು. ಒಪ್ಪಿಗೆಯ ತೀರ್ಪಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀಸೂ ವಾಪಸ್.

ಕುಂಬಳೆ ಹೊಳೆಬದಿ:
ತಮ್ಮ ಹೋಗಿ ಕರೆದರೂ ಅಣ್ಣ ಒಪ್ಪದಿದ್ದರೆ?

ಮಂಜೇಶ್ವರದ ಓದುಗ:
ರೋಮ 12:18ರಲ್ಲಿ ‘ಸಾಧ್ಯವಾದರೆ’, ‘ನಿಮ್ಮಿಂದಾದಷ್ಟು’ ಎಂಬ ಎರಡು ಮಾತಿವೆ. ಅಣ್ಣನ ಪಾಲನ್ನು ತಮ್ಮ ಹೊರಬೇಕಿಲ್ಲ. ಸಭೆಯ ಮಾತೂ ಕೇಳದವನು ‘ಸುಂಕದವನ ಹಾಗೆ ಇರಲಿ’ (ಅಂದರೆ ಆಗ ಜನ ದೂರವಿಡುತ್ತಿದ್ದ ತೆರಿಗೆ ವಸೂಲಿಯವನ ಹಾಗೆ) ಎಂದು ಮತ್ತಾಯ 18:17ರಲ್ಲಿದೆಯಲ್ಲ, ಅದನ್ನು ಬಹಿಷ್ಕಾರ ಎಂದಷ್ಟೇ ಓದಬೇಡಿ. ಮತ್ತಾಯನೇ ಸುಂಕದವನು, ಯೇಸು ಅವನ ಮನೆಯಲ್ಲಿ ಊಟಕ್ಕೆ ಕೂತವರು. ಹಾಗಾಗಿ ಮದುವೆ, ಮರಣಕ್ಕೆ ಕರೆಯುವುದನ್ನು ತಮ್ಮ ಬಿಡಬಾರದು. ಗಡಿಯನ್ನು ಬಿಟ್ಟುಕೊಡಬೇಕೆಂದು ಇದರ ಅರ್ಥವಲ್ಲ.

ಬೇಳದ ಧರ್ಮೋಪದೇಶಕಿ:
ಹೊಡೆತ ಬಡಿತ ಇರುವ ಮನೆಗೆ ಈ ‘ಇಬ್ಬರೇ ಕೂತು ಮಾತಾಡಿ’ ಕ್ರಮ ಬೇಡ. ಅಲ್ಲಿ ಮೊದಲು ಸುರಕ್ಷಿತ ಜಾಗ, ಪೊಲೀಸು. ಹೆಂಗಸರಿಗೆ 181 ಇದೆ.

ಕುಂಬಳೆ ಹೊಳೆಬದಿ:
ಸರಿ. ಭಾನುವಾರದ ಕೂಟ ಸದ್ಯ ಬೇಡ ಎಂದು ಗುರಿಕಾರರಿಗೆ ಹೇಳುತ್ತೇನೆ.