ಇಂಟರ್ನ್‌ಶಿಪ್‌ಗೆ ಬರುವ ಹುಡುಗರಿಗೆ ಎಷ್ಟು ಕೊಡಬೇಕು, ಏನು ಕಲಿಸಬೇಕು?

ಪ್ರಶ್ನೆ: ವರ್ಕ್‌ಶಾಪ್ ಮಾಲೀಕ, ಅಂತರಸನಹಳ್ಳಿ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಚಿಕ್ಕ ಘಟಕವೊಂದನ್ನು ನಡೆಸುತ್ತಿದ್ದೇನೆ. 3 ಸಿಎನ್‌ಸಿ ಲೇತ್, 1 ವಿಎಂಸಿ ಯಂತ್ರ (ಎಲ್ಲವೂ ಲೋಹ ಕತ್ತರಿಸುವ, ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು), ನನ್ನನ್ನು ಬಿಟ್ಟು 14 ಜನ ಕೆಲಸಗಾರರು. ಈ ವರ್ಷ ಮೆಕ್ಯಾನಿಕಲ್ ವಿಭಾಗದ ಮೂವರು ವಿದ್ಯಾರ್ಥಿಗಳನ್ನು ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ತೆಗೆದುಕೊಂಡೆ. ತಿಂಗಳಿಗೆ 3,000 ರೂಪಾಯಿ ಮತ್ತು ಮಧ್ಯಾಹ್ನದ ಊಟ ಎಂದು ಮಾತಾಗಿತ್ತು.

ಒಬ್ಬ ಮೂರನೆಯ ವಾರಕ್ಕೆ ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆದು ಬಿಟ್ಟುಹೋದ. ಇನ್ನೊಬ್ಬ, ಯಂತ್ರವನ್ನು ಇನ್ನೂ ಹತ್ತಿರದಿಂದ ನೋಡುವ ಮೊದಲೇ, ಕೇಂದ್ರ ಸರ್ಕಾರದ ಯೋಜನೆಯಲ್ಲಿ 5,000 ಕೊಡುತ್ತಾರಲ್ಲ ಸರ್, ನೀವೇಕೆ 3,000 ಎಂದು ಕೇಳಿದ. ಮೂರನೆಯವನು ಏನೂ ಕೇಳುವುದಿಲ್ಲ, ಆದರೆ ಬರ್ (ಕತ್ತರಿಸಿದ ಲೋಹದ ಅಂಚಿನಲ್ಲಿ ಉಳಿಯುವ ಚೂಪು ಎಳೆ) ತೆಗೆಯುವುದು, ಎಣ್ಣೆ ಹಚ್ಚಿ ಪ್ಯಾಕ್ ಮಾಡುವುದು ಇವೆಲ್ಲ ತನ್ನ ಓದಿಗೆ ತಕ್ಕ ಕೆಲಸವಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತದೆ. ಮೂವರಿಗೂ ಬೇಕಾಗಿದ್ದುದು ಕಂಪ್ಯೂಟರ್ ಮುಂದೆ ಕುಳಿತು ಡಿಸೈನ್ ಮಾಡುವ ಕೆಲಸ. ನನ್ನಲ್ಲಿ ಡಿಸೈನ್ ಕೆಲಸವೇ ಇಲ್ಲ. ಗಿರಾಕಿ ಕೊಟ್ಟ ಡ್ರಾಯಿಂಗ್‌ನಂತೆ ಜಾಬ್ ಮಾಡಿಕೊಡುವುದಷ್ಟೇ ನಮ್ಮ ವ್ಯಾಪಾರ.

ನನ್ನ ದೂರನ್ನೂ ಹೇಳಿಬಿಡುತ್ತೇನೆ. 25 ಮಿಲಿಮೀಟರ್ ವ್ಯಾಸದ ಶಾಫ್ಟ್‌ಗೆ ಡ್ರಾಯಿಂಗ್‌ನಲ್ಲಿ ಎಚ್6 (ಅಳತೆ ಎಷ್ಟು ನಿಖರವಾಗಿರಬೇಕೆಂಬ ಸಂಕೇತ) ಎಂದು ಬರೆದಿದ್ದರೆ ನಮಗಿರುವ ಅವಕಾಶ 13 ಮೈಕ್ರಾನ್, ಎಂದರೆ 0.013 ಮಿಲಿಮೀಟರ್ ಮಾತ್ರ. 0.02 ಮಿಲಿಮೀಟರ್‌ವರೆಗೆ ಮಾತ್ರ ಓದಬಹುದಾದ ವರ್ನಿಯರ್‌ನಿಂದ ಅದನ್ನು ಪರೀಕ್ಷಿಸಲು ಸಾಧ್ಯವೇ ಇಲ್ಲ. ಇವರಲ್ಲೊಬ್ಬ ವರ್ನಿಯರ್ ಹಿಡಿದು ಒಂದು ಇಡೀ ಲಾಟನ್ನು ಸರಿಯಿದೆ ಎಂದು ಕಳಿಸಿದ, ಗಿರಾಕಿ ಅರ್ಧಕ್ಕಿಂತ ಹೆಚ್ಚನ್ನು ತಿರಸ್ಕರಿಸಿ ವಾಪಸು ಕಳಿಸಿದರು. ನಷ್ಟ ಭರಿಸಿದವನು ನಾನು. ಹೀಗಿರುವಾಗ ಹೆಚ್ಚು ಹಣ ಕೇಳುವುದು ನ್ಯಾಯವೇ? ಅಥವಾ ನಾನೇ ಕಾಲಕ್ಕೆ ಹಿಂದೆ ಬಿದ್ದಿದ್ದೇನೆಯೇ?

ಉತ್ತರ 1: ಡಿಪ್ಲೊಮಾ ಮುಗಿಸಿದವನು, ಕೊರಟಗೆರೆ ಕಡೆ

ಸರ್, ನಾನು ಎರಡು ವರ್ಷಗಳ ಹಿಂದೆ ತುಮಕೂರಿನ ಇಂಥದೇ ಒಂದು ಘಟಕದಲ್ಲಿ ಇಂಟರ್ನ್ ಆಗಿದ್ದೆ. ಹಣದ ಮಾತು ಮೊದಲ ದಿನವೇ ಏಕೆ ಬರುತ್ತದೆ ಎಂಬುದನ್ನು ಹೇಳುತ್ತೇನೆ. ನಮ್ಮ ಹಳ್ಳಿಯಿಂದ ಕೊರಟಗೆರೆಗೆ ಒಂದು ಬಸ್ಸು, ಅಲ್ಲಿಂದ ತುಮಕೂರಿಗೆ ಇನ್ನೊಂದು. ರಾತ್ರಿ ಬಸ್ಸು ತಪ್ಪಿದರೆ ಉಳಿಯಲು ಜಾಗವಿಲ್ಲದ ಕಾರಣ ಸ್ನೇಹಿತರೊಡನೆ ಕೋಣೆ ಮಾಡಿದೆ. ಬಾಡಿಗೆಯ ಪಾಲು ಮತ್ತು ರಾತ್ರಿಯ ಊಟ ಸೇರಿದರೆ 3,000 ರೂಪಾಯಿ ತಿಂಗಳ ಇಪ್ಪತ್ತನೆಯ ತಾರೀಕು ಮುಟ್ಟುತ್ತಿರಲಿಲ್ಲ. ನಮ್ಮ ತರಗತಿಯ ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಅನುಕೂಲವಿದೆ, ಆದರೆ ನಮ್ಮೂರಿಗೆ ಬರುವುದು ಖಾಸಗಿ ಬಸ್ಸಾದ್ದರಿಂದ ಅವರೂ ಟಿಕೆಟ್ ಕೊಂಡೇ ಬರಬೇಕಿತ್ತು. ಕಲಿಯಲು ಮನಸ್ಸಿದ್ದರೂ ತಿಂಗಳ ಕೊನೆಯಲ್ಲಿ ಅಪ್ಪನಿಗೆ ಫೋನ್ ಮಾಡಿ ದುಡ್ಡು ಕೇಳುವಾಗ ನಾಚಿಕೆಯಾಗುತ್ತಿತ್ತು. ಸ್ಟೈಪೆಂಡ್ ಎಷ್ಟು ಎಂದು ಕೇಳುವವನೆಲ್ಲ ದುರಾಸೆಯವನಲ್ಲ, ಆ ಹಣದಲ್ಲಿ ನಿಮ್ಮಲ್ಲಿಗೆ ಬಂದು ಹೋಗಲು ಆಗುತ್ತದೆಯೋ ಇಲ್ಲವೋ ಎಂದು ಅವನು ಲೆಕ್ಕ ಹಾಕುತ್ತಿರಬಹುದು.

ಬರ್ ತೆಗೆಯುವ ಕೆಲಸವನ್ನು ನಾನೂ ಆರು ವಾರ ಮಾಡಿದೆ. ನಾನು ಬಿಟ್ಟುಹೋಗದೆ ಉಳಿದದ್ದು ಅಲ್ಲಿನ ಹಿರಿಯ ಸೆಟ್ಟರ್ (ಯಂತ್ರವನ್ನು ಕೆಲಸಕ್ಕೆ ಸಜ್ಜುಗೊಳಿಸುವವರು) ಒಬ್ಬರಿಂದ. ಅವರು ದಿನಕ್ಕೊಂದು ವಿಷಯ ತೋರಿಸುತ್ತಿದ್ದರು: ಲೋಹ ಕತ್ತರಿಸುವ ಇನ್ಸರ್ಟ್ ಸವೆದಾಗ ಲೋಹದ ಸುರುಳಿಯ ಬಣ್ಣ ಹೇಗೆ ಬದಲಾಗುತ್ತದೆ, ಬರ್ ಒಂದೇ ಅಂಚಿನಲ್ಲಿ ಹೆಚ್ಚಾಗಿ ಏಕೆ ಬರುತ್ತದೆ ಎಂಬಂಥವು. ಅಷ್ಟು ತಿಳಿದ ಮೇಲೆ ಅದೇ ಕೆಲಸ ಬೇರೆಯಾಗಿ ಕಂಡಿತು. ನಿಮ್ಮ ಹುಡುಗನಿಗೆ ಆ ಶಾಫ್ಟ್‌ಗೆ ಮೈಕ್ರೋಮೀಟರ್ ಬೇಕು ಎಂದು ಯಾರಾದರೂ ಹೇಳಿದ್ದರೇ? ಕಾಲೇಜಿನ ಪ್ರಯೋಗಾಲಯದಲ್ಲಿ ನಾವು ವರ್ನಿಯರ್ ಹಿಡಿದದ್ದು ಪರೀಕ್ಷೆಯ ದಿನಕ್ಕೆ, ಅದೂ ನಾಲ್ವರಿಗೆ ಒಂದು.

ಉತ್ತರ 2: ಘಟಕದ ಮಾಲೀಕ, ವಸಂತನರಸಾಪುರ

ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದೇನೆ. ಐಟಿಐ ಮುಗಿಸಿದ ಹುಡುಗರು ಸಾಕು. ಅವರಿಗೆ ಕಬ್ಬಿಣ ಮುಟ್ಟಲು ಬೇಸರವಿಲ್ಲ, ನನಗೆ ವರದಿಗಳಿಗೆ ಸಹಿ ಹಾಕುವ ಕಾಟವಿಲ್ಲ.

ಉತ್ತರ 3: ನಿವೃತ್ತ ತರಬೇತಿ ಅಧಿಕಾರಿ, ತುಮಕೂರು

ಯಜಮಾನರೇ, ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಹೋಗಿವೆ, ಅವನ್ನು ಬಿಡಿಸಿದರೆ ಅರ್ಧ ಜಗಳ ಮುಗಿಯುತ್ತದೆ. ಆ ಹುಡುಗ ಹೇಳಿದ 5,000 ರೂಪಾಯಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯದು. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಆ ಯೋಜನೆಯಲ್ಲಿ 4,500 ರೂಪಾಯಿಯನ್ನು ಸರ್ಕಾರವೂ 500 ರೂಪಾಯಿಯನ್ನು ಕಂಪನಿಯೂ ಭರಿಸುತ್ತವೆ. ಅದು ದೇಶದ ದೊಡ್ಡ 500 ಕಂಪನಿಗಳನ್ನು ಗುರಿಯಾಗಿಸಿಕೊಂಡು ರೂಪಿಸಿದ, 12 ತಿಂಗಳ ಯೋಜನೆ. ನಿಮಗೂ ಅದಕ್ಕೂ ಸಂಬಂಧವಿಲ್ಲವೆಂದು ಅವನಿಗೆ ತಿಳಿಸಿ ಹೇಳಬಹುದಿತ್ತು.

ಆದರೆ ನಿಮಗೆ ಸಂಬಂಧಪಟ್ಟ ಕಾನೂನು ಬೇರೊಂದಿದೆ: 1961ರ ಅಪ್ರೆಂಟಿಸ್ ಕಾಯ್ದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, 4ರಿಂದ 29 ಜನರಿರುವ ಕಡೆ ಐಚ್ಛಿಕ. ಗರಿಷ್ಠ ಮಿತಿ ಒಟ್ಟು ಸಿಬ್ಬಂದಿಯ ಶೇಕಡ 15. ನಿಮ್ಮ 14 ಜನಕ್ಕೆ ಇಬ್ಬರೆಂದು ಇಟ್ಟುಕೊಳ್ಳಿ. ಆ ತಿದ್ದುಪಡಿಯಲ್ಲಿ ಪದವೀಧರರಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ನಿಗದಿಯಾಯಿತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಡಿ ನೋಂದಾಯಿಸಿದರೆ ಅದರ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ, ಎಂದರೆ ಆ ದರದಲ್ಲಿ ಪದವೀಧರನಿಗೆ ನಿಮ್ಮ ಕೈಯಿಂದ ಹೋಗುವುದು 4,500. (ಕೈ ಹಾಕುವ ಮೊದಲು ಪೋರ್ಟಲ್‌ನಲ್ಲಿ ಈಗಿನ ದರವನ್ನು ನೋಡಿಕೊಳ್ಳಿ.) ಒಂದು ವರ್ಷದ ಒಪ್ಪಂದ ಬರೆದುಕೊಳ್ಳಬೇಕು. ಕೊನೆಯಲ್ಲಿ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಕಾಯ್ದೆಯಲ್ಲಿಲ್ಲ. ಆದರೆ ಕಾರ್ಖಾನೆ ಕೆಲಸಗಾರರ ಆರೋಗ್ಯ ಮತ್ತು ಸುರಕ್ಷತೆಯ ನಿಯಮಗಳು ಅವರಿಗೂ ಅನ್ವಯಿಸುತ್ತವೆ, ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡಬೇಕಾಗುತ್ತದೆ.

ಇದನ್ನೆಲ್ಲ ಏಕೆ ಹೇಳಿದೆನೆಂದರೆ, ನೀವು ಇಂಟರ್ನ್ ಎಂದು ಕರೆದು ಮಾಡಿಸಿಕೊಂಡದ್ದು ಸಹಾಯಕನ ಕೆಲಸ. ಬರ್ ತೆಗೆಸುವುದು ತಪ್ಪಲ್ಲ. ಎರಡು ತಿಂಗಳಿಗೆ ಬಂದ ವಿದ್ಯಾರ್ಥಿಯಿಂದ ಎರಡು ತಿಂಗಳೂ ಅದನ್ನೇ ಮಾಡಿಸುವುದು, ಜೊತೆಗೆ ಗಿರಾಕಿಗೆ ಹೋಗುವ ಮಾಲಿನ ತಪಾಸಣೆಯನ್ನು ಅವನೊಬ್ಬನಿಗೇ ಬಿಡುವುದು ಸರಿಯಲ್ಲ. ಆ ಲಾಟು ತಿರಸ್ಕೃತವಾದದ್ದಕ್ಕೆ ಹುಡುಗನ ಅಜ್ಞಾನಕ್ಕಿಂತ ನಿಮ್ಮ ವ್ಯವಸ್ಥೆ ಹೆಚ್ಚು ಕಾರಣ ಎಂದು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಉತ್ಪಾದನೆಗೆ ಕೈ ಬೇಕಿದ್ದರೆ ಅಪ್ರೆಂಟಿಸ್ ಎಂದು ಬರೆದುಕೊಂಡು ಆ ಹಣ ಕೊಡಿ. 3,000ಕ್ಕೆ ಇಂಟರ್ನ್ ಬೇಕಿದ್ದರೆ ಉಳಿದದ್ದನ್ನು ವಿದ್ಯೆಯಲ್ಲಿ ತುಂಬಿಕೊಡಿ.

ಉತ್ತರ 4: ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕಿ

ಹಿಂದಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ನಮ್ಮ ವಿದ್ಯಾರ್ಥಿಗಳ ಪಾಲಿನ ತಪ್ಪನ್ನೂ ಮುಚ್ಚಿಡಬಾರದು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಪದವಿಯ ಭಾಗವಾಗಿರುವುದರಿಂದ ಹಲವರಿಗೆ ಬೇಕಾದದ್ದು ಪ್ರಮಾಣಪತ್ರ ಮತ್ತು ವರದಿ, ಅಷ್ಟೇ. ಹಣ ಕೊಟ್ಟರೆ ಮನೆಯಲ್ಲಿ ಕುಳಿತವರಿಗೂ ಪ್ರಮಾಣಪತ್ರ ಕೊಡುವ ಕಡೆಗಳಿವೆ, ಅಲ್ಲಿಗೆ ಹೋದವನು ನಿಮ್ಮಲ್ಲಿ ಬೆವರು ಸುರಿಸುವವನನ್ನು ನೋಡಿ ನಗುತ್ತಾನೆ. ಮೂರನೆಯ ವಾರಕ್ಕೆ ಬಿಟ್ಟುಹೋದ ಹುಡುಗ ಎಲ್ಲಿಗೆ ಹೋಗಿರಬಹುದೆಂದು ನನಗೆ ಊಹೆಯಿದೆ. ಅಂಥವನಿಗೆ ಪೂರ್ಣಾವಧಿಯ ಪ್ರಮಾಣಪತ್ರವನ್ನು ದಯವಿಟ್ಟು ಕೊಡಬೇಡಿ, ಬಂದ ದಿನಗಳನ್ನಷ್ಟೇ ನಮೂದಿಸಿ ಕಾಲೇಜಿಗೆ ತಿಳಿಸಿ. ನಾವು ಕೋಪಿಸಿಕೊಳ್ಳುವುದಿಲ್ಲ.

ಉಳಿದ ಇಬ್ಬರ ಮಾರ್ಗದರ್ಶಕರನ್ನು ಒಮ್ಮೆ ಘಟಕಕ್ಕೆ ಕರೆಯಿರಿ. ಹೆಚ್ಚಿನ ಅಧ್ಯಾಪಕರು ವರದಿಯನ್ನು ಓದಿ ಅಂಕ ಕೊಡುತ್ತಾರೆಯೇ ಹೊರತು ಹುಡುಗ ನಿಂತ ಜಾಗವನ್ನು ನೋಡಿರುವುದಿಲ್ಲ. ನಾನೂ ಕೆಲವು ವರ್ಷ ಹಾಗೆಯೇ ಮಾಡಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ತಪಾಸಣೆಯ ವಿಷಯದಲ್ಲಿ ನಿವೃತ್ತ ಅಧಿಕಾರಿಗಳ ಮಾತು ಚುಚ್ಚಿತು. ಆ ದಿನ ನಮ್ಮ ಇನ್‌ಸ್ಪೆಕ್ಟರ್ ರಜೆಯಲ್ಲಿದ್ದರು ಎಂಬುದನ್ನು ನಾನು ಪ್ರಶ್ನೆಯಲ್ಲಿ ಬರೆದಿರಲಿಲ್ಲ. ಉಳಿದ ಮೂರು ವಾರಗಳಿಗೆ ಹೀಗೆ ಯೋಚಿಸಿದ್ದೇನೆ: ಬೆಳಿಗ್ಗೆ ಅರ್ಧ ದಿನ ಈಗಿನ ಕೆಲಸವೇ ಇರಲಿ, ಮಧ್ಯಾಹ್ನದ ಮೇಲೆ ಇಬ್ಬರೂ ಸೆಟ್ಟರ್ ಜೊತೆಗಿರಲಿ. ಬಸ್ಸಿನ ಖರ್ಚನ್ನು ಬೇರೆಯಾಗಿ ಕೊಡುತ್ತೇನೆ. 5,000 ಕೇಳಿದ ಹುಡುಗನಿಗೆ ಆ ಯೋಜನೆ ಯಾರಿಗಾಗಿ ಇರುವುದೆಂದು ತಿಳಿಸಿದೆ. ಅವನು, ಗೊತ್ತಿತ್ತು ಸರ್, ಕೇಳಿ ನೋಡಿದೆ ಎಂದು ನಕ್ಕ. ಪದವಿ ಮುಗಿಸಿದ ಮೇಲೆ ಅಪ್ರೆಂಟಿಸ್ ಆಗಿ ಬರುತ್ತೀಯಾ ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟಿಲ್ಲ, ಹಾಗೆಂದು ಬೇಡ ಎಂದೂ ಹೇಳಿಲ್ಲ.

ಸೆಟ್ಟರ್‌ಗೆ ಕಲಿಸುವುದು ಹೆಚ್ಚುವರಿ ಕೆಲಸ. ಸೋಮವಾರದಿಂದ ಒಪ್ಪಿಕೊಂಡಿದ್ದಾರೆ, ಆದರೆ ಆ ಹೊತ್ತಿನಲ್ಲಿ ಉತ್ಪಾದನೆ ಕಡಿಮೆಯಾದರೆ ತನ್ನನ್ನು ಕೇಳಬಾರದು ಎಂಬ ಷರತ್ತು ಹಾಕಿದ್ದಾರೆ. ಒಪ್ಪಿದ್ದೇನೆ.