ಟೋನ್‌ಆರ್ಮ್‌ಗೆ ಸಿಲಿಕೋನ್ ಎಣ್ಣೆಯ ಡ್ಯಾಂಪಿಂಗ್ ಬೇಕೇ?

ಪ್ರಶ್ನೆ: ತುಸು ಬಾಗಿದ ರೆಕಾರ್ಡ್ ಹಾಕಿದಾಗ ಸ್ಪೀಕರಿನ ಕೋನ್ ಹಾಡಿಗೆ ಸಂಬಂಧವಿಲ್ಲದೆ ನಿಧಾನವಾಗಿ ಹಿಂದೆ ಮುಂದೆ ಅಲುಗುತ್ತದೆ. ರೆಕಾರ್ಡ್ ಪ್ಲೇಯರಿನ ಸೂಜಿ ಹಿಡಿದ ತೋಳಿಗೆ, ಅಂದರೆ ಟೋನ್‌ಆರ್ಮ್‌ಗೆ, ಕಂಪನ ತಗ್ಗಿಸಲು (ಡ್ಯಾಂಪಿಂಗ್) ಸಿಲಿಕೋನ್ ಎಣ್ಣೆಯ ತೊಟ್ಟಿ ಜೋಡಿಸಿದರೆ ಇದು ತಗ್ಗಿ ಧ್ವನಿಯೂ ಸುಧಾರಿಸುವುದೇ?

ಉತ್ತರ 1: ಮೊದಲು ಆರ್ಮ್‌ನ ಅನುರಣನವನ್ನು, ಅಂದರೆ ಅದು ಸಹಜವಾಗಿ ಹೆಚ್ಚು ಕಂಪಿಸುವ ವೇಗವನ್ನು, ಪರೀಕ್ಷಿಸಿ. ಆರ್ಮ್ ಮತ್ತು ಕಾರ್ಟ್ರಿಜ್‌ಗಳ (ಆರ್ಮ್‌ನ ತುದಿಯಲ್ಲಿ ಸೂಜಿ ಇರುವ ಭಾಗ) ತೂಕ ಹಾಗೂ ಸೂಜಿಯ ಮೆದುತನ ಸೇರಿ ಹುಟ್ಟುವ ಈ ಅನುರಣನ ಸಾಮಾನ್ಯವಾಗಿ 8ರಿಂದ 12 ಹರ್ಟ್ಸ್ ನಡುವೆ ಇರಬೇಕು. ಅದಕ್ಕಿಂತ ಕೆಳಗಿಳಿದರೆ ರೆಕಾರ್ಡಿನ ಬಾಗು ಅದನ್ನು ಕೆರಳಿಸುತ್ತದೆ. ಎಣ್ಣೆ ಆ ಕಂಪನವನ್ನು ತಗ್ಗಿಸುತ್ತದೆಯೇ ಹೊರತು ಒಂದಕ್ಕೊಂದು ಹೊಂದದ ಆರ್ಮ್ ಮತ್ತು ಕಾರ್ಟ್ರಿಜ್ ಜೋಡಿಯನ್ನು ಹೊಂದಿಸುವುದಿಲ್ಲ.

ಉತ್ತರ 2: ಒಪ್ಪುತ್ತೇನೆ. ಎಣ್ಣೆ ಅತಿಯಾದರೆ ಆರ್ಮ್ ಜಡವಾಗಿ, ನಡುತೂತು ಮಧ್ಯದಿಂದ ಸರಿದ ರೆಕಾರ್ಡಿನಲ್ಲಿ ಸೂಜಿಯ ಕಡ್ಡಿಯೇ ಪಕ್ಕಕ್ಕೆ ಬಾಗುವುದು ಕಣ್ಣಿಗೆ ಕಾಣುತ್ತದೆ. ಆರ್ಮ್‌ನಿಂದ ಎಣ್ಣೆಗೆ ಇಳಿಯುವ ಪ್ಯಾಡಲ್‌ನ ತುದಿಯಷ್ಟೇ ಮುಳುಗುವಂತೆ ಆರಂಭಿಸಿ, ಧ್ವನಿ ಮಂಕಾದ ಕೂಡಲೇ ಎಣ್ಣೆ ಕಡಿಮೆ ಮಾಡಿ.

ಉತ್ತರ 3: ಯೂನಿಪಿವಟ್ (ಒಂದೇ ಮೊನೆಯ ಮೇಲೆ ನಿಂತು ತಿರುಗುವ) ಆರ್ಮ್ ಆಗಿದ್ದರೆ ಮಾತ್ರ ಹಿಂಜರಿಯದೆ ಹಾಕಿಸಿ.