‘ಎಡಗಡೆಗೆ ಉಸಿರು ಎಳೆಯಿರಿ’ ಅಂದರೆ ಯಾವ ಎಡ? ಸ್ಕೋಲಿಯೋಸಿಸ್ ವ್ಯಾಯಾಮಕ್ಕೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಸ್ಕೋಲಿಯೋಸಿಸ್ ಇರುವ ಮಕ್ಕಳಿಗೆ ಕಲಿಸುವ ಉಸಿರಿನ ವ್ಯಾಯಾಮಗಳ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತವರು ಮನೆಯಲ್ಲಿ ನೆನಪಿಗೆ ನೋಡಿಕೊಳ್ಳಲಿ ಅಂತ. ಕಾಯಿಲೆಯ ಹೆಸರನ್ನು ಹಾಗೇ ಬಿಟ್ಟಿದ್ದೇನೆ. ಗೂನು ಅಂದರೆ ಬೆನ್ನು ಮುಂದಕ್ಕೆ ಬಾಗಿದ್ದು. ಸ್ಕೋಲಿಯೋಸಿಸ್‌ನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ಜೊತೆಗೆ ತಿರುಚಿಕೊಂಡೂ ಇರುತ್ತದೆ. ‘ಸೊಟ್ಟಬೆನ್ನು’ ಅಂತ ಬರೆದ ಹಾಳೆಯನ್ನು ಹೈಸ್ಕೂಲ್ ಹುಡುಗಿಯ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ತೊಡಕಿರುವುದು ಉಸಿರಿನ ಮಾತುಗಳಲ್ಲಿ.

ಈ ವಿಧಾನ ಜರ್ಮನಿಯ ಕಥರೀನಾ ಶ್ರೋಟ್ ಅವರದು. 1894ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಅವರಿಗೇ ಸ್ಕೋಲಿಯೋಸಿಸ್ ಇತ್ತು. 16ನೇ ವಯಸ್ಸಿನಲ್ಲಿ ಉಕ್ಕಿನ ಬ್ರೇಸ್ (ಮೈಗೆ ಬಿಗಿಯುವ ಆಸರೆಯ ಪಟ್ಟಿ) ಹಾಕಿಸಿದ್ದರಂತೆ. ಆಮೇಲೆ ಬಲೂನು ನೋಡಿ ಅವರಿಗೊಂದು ಯೋಚನೆ ಬಂತು. ಕನ್ನಡಿ ಮುಂದೆ ನಿಂತು, ಮೈಯಲ್ಲಿ ಎಲ್ಲೆಲ್ಲಿ ಒಳಕ್ಕೆ ಹೋಗಿದೆಯೋ ಅಲ್ಲಲ್ಲೇ ಉಸಿರು ತುಂಬಿ ಹೊರತರಲು ನೋಡಿದರು. 1921ರಲ್ಲಿ ಮೈಸೆನ್‌ನಲ್ಲಿ ಚಿಕ್ಕದೊಂದು ಚಿಕಿತ್ಸಾಲಯ ಶುರು ಮಾಡಿದರು. ಈ ಉಸಿರಾಟಕ್ಕೆ ಜರ್ಮನ್‌ನಲ್ಲಿ ‘ಡ್ರೇವಿಂಕೆಲ್‌ಆಟ್ಮುಂಗ್’ ಅನ್ನುತ್ತಾರೆ. ‘ತಿರುಗುಕೋನ ಉಸಿರಾಟ’ ಅಂತ ಮಾಡಬಹುದು, ಆದರೆ ಓದಿದವರಿಗೆ ಏನೂ ಹೊಳೆಯುವುದಿಲ್ಲ, ಅಲ್ವಾ?

ಈಗ ಪ್ರಶ್ನೆಗೆ ಬರುತ್ತೇನೆ. ‘ಎಡಗಡೆಗೆ ಉಸಿರು ಎಳೆಯಿರಿ’ ಅಂತ ಬರೆದರೆ ನಮ್ಮವರು ಮೊದಲು ಮಾಡುವ ಕೆಲಸ ಬಲ ಹೊಳ್ಳೆ ಮುಚ್ಚುವುದು! ಪ್ರಾಣಾಯಾಮ ಅಷ್ಟು ರೂಢಿಯಾಗಿದೆ. ಯಾವ ಹೊಳ್ಳೆಯಲ್ಲಿ ಎಳೆದರೂ ಗಾಳಿ ಒಂದೇ ಶ್ವಾಸನಾಳಕ್ಕೆ ಇಳಿದು ಎರಡೂ ಕಡೆ ಹಂಚಿಹೋಗುತ್ತದೆ. ಇಲ್ಲಿ ಬೇಕಿರುವುದು ಹೊಳ್ಳೆಯಲ್ಲ. ಮೊದಲು ಬೆನ್ನನ್ನು ನೀಳ ಮಾಡಿ, ಕುಗ್ಗಿದ ಕಡೆಯ ಪಕ್ಕೆಲುಬುಗಳು ಪಕ್ಕಕ್ಕೂ ಹಿಂದಕ್ಕೂ ಅಗಲವಾಗುವ ಹಾಗೆ ಉಸಿರು ತೆಗೆದುಕೊಳ್ಳಬೇಕು. ಬಿಡುವಾಗ ಸ್ನಾಯು ಬಿಗಿ ಮಾಡಿ ಆ ಆಕಾರವನ್ನು ಹಿಡಿದಿಡಬೇಕು. ಅದಕ್ಕೇ ಉಸಿರು ಎಳೆಯುವುದಕ್ಕೆ, ಬಿಡುವುದಕ್ಕೆ ಪ್ರಾಣಾಯಾಮದಲ್ಲಿ ಹೇಳುವ ಪೂರಕ, ರೇಚಕ ಪದಗಳನ್ನೂ ಕೈಬಿಟ್ಟೆ. ಅವು ಕಂಡರೆ ಕೈ ತಾನಾಗಿ ಮೂಗಿಗೆ ಹೋಗುತ್ತದೆ.

‘ಎದೆ ಉಬ್ಬಿಸಿ’ ಅನ್ನೋಣವೇ? ಬೇಡ. ಹಾಗಂದರೆ ಎಲ್ಲರೂ ಎದೆ ಮುಂದೆ ಮಾಡಿ ಸೈನಿಕರ ಹಾಗೆ ನಿಲ್ಲುತ್ತಾರೆ. ಸ್ಕೋಲಿಯೋಸಿಸ್ ಇರುವ ಎಷ್ಟೋ ಮಕ್ಕಳಿಗೆ ಮೇಲ್ಬೆನ್ನು ಮೊದಲೇ ಚಪ್ಪಟೆಯಾಗಿರುತ್ತದೆ. ಎದೆ ಮುಂದೆ ತಳ್ಳಿದರೆ ಅದು ಇನ್ನೂ ಜಾಸ್ತಿ. ನನಗೆ ಸದ್ಯಕ್ಕೆ ಹಿಡಿಸಿರುವುದು ‘ಪಕ್ಕೆ ಅರಳಿಸಿ’. ಹೊಳ್ಳೆ ಅರಳಿಸುವುದು ಎಲ್ಲರಿಗೂ ಗೊತ್ತಿರುವ ಮಾತು, ಪಕ್ಕೆಗೂ ಒಗ್ಗುತ್ತದೆ ಅನ್ನಿಸುತ್ತದೆ. ಕಿವಿಗೆ ವಿಚಿತ್ರವಾಗಿ ಕೇಳಿದರೆ ಹೇಳಿ.

ಇನ್ನೊಂದು ಗಂಟು ಕಡೆಗಳ ಹೆಸರು. ಶಾಲೆಯಲ್ಲಿ ಕಲಿತ ನಿಮ್ನ, ಪೀನ ಮಸೂರದಲ್ಲೇ ಇರಲಿ. ‘ತಗ್ಗಿನ ಕಡೆ, ಉಬ್ಬಿನ ಕಡೆ’ ಸುಲಭ ಅನ್ನಿಸಿತು. ಆದರೆ ತಿರುಚು ಇದೆಯಲ್ಲ, ಅದು ಇದನ್ನೂ ಕೆಡಿಸುತ್ತದೆ. ಎದೆಯ ಭಾಗದಲ್ಲಿ ಬಲಕ್ಕೆ ಬಾಗಿರುವವರೇ ಹೆಚ್ಚು. ಅಂಥವರಿಗೆ ಬೆನ್ನಿನ ಬಲಭಾಗ ಉಬ್ಬಿರುತ್ತದೆ, ಎಡಭಾಗ ತಗ್ಗಿರುತ್ತದೆ. ಮುಂದಿನಿಂದ ನೋಡಿದರೆ ಎಷ್ಟೋ ಸಲ ಎಡ ಪಕ್ಕೆಲುಬೇ ಮುಂದೆ ಬಂದಿರುತ್ತದೆ! ಕನ್ನಡಿಯಲ್ಲಿ ನೋಡುವ ಹುಡುಗಿ ತಗ್ಗು ಅಂತ ಯಾವುದನ್ನು ಹಿಡಿಯಬೇಕು? ಸೊಂಟದ ಹತ್ತಿರ ಬಾಗು ಸಾಮಾನ್ಯವಾಗಿ ಎದುರು ದಿಕ್ಕಿಗೆ ಇರುವುದರಿಂದ ಅಲ್ಲಿ ಮತ್ತೆ ಅದಲುಬದಲು. ‘ಬೆನ್ನಿನ ತಗ್ಗು’, ‘ಎದೆಯ ತಗ್ಗು’ ಅಂತ ಪ್ರತಿ ಸಲವೂ ಬಿಡಿಸಿ ಬರೆಯುವುದೇ ವಾಸಿ ಅಂತ ಕಾಣುತ್ತದೆ. ಉದ್ದವಾಗುತ್ತದೆ, ಆಗಲಿ.

ಕೊನೆಯದು, ಪಕ್ಕೆಲುಬಿನ ಕೆಳಗೆ, ಸೊಂಟದ ಮೇಲೆ ಇರುವ ಮೆತ್ತನೆಯ ಜಾಗ. ನಾನು ‘ಅಳ್ಳೆ’ ಅಂತ ಬರೆದೆ. ಹಾಳೆ ಓದಿದ ಒಬ್ಬರು ‘ಅದು ದನಕ್ಕೆ ಹೇಳುವುದು’ ಅಂದರು. ನಿಮ್ಮ ಕಡೆ ಮನುಷ್ಯರಿಗೂ ಅಳ್ಳೆ ಅನ್ನುತ್ತಾರಾ? ಇಲ್ಲದಿದ್ದರೆ ಏನನ್ನುತ್ತಾರೆ? ಯಾವ ಜಿಲ್ಲೆ ಅಂತಲೂ ತಿಳಿಸಿ. ಉತ್ತರ ಕರ್ನಾಟಕದವರ ಮತ್ತು ಕರಾವಳಿಯವರ ಮಾತು ವಿಶೇಷವಾಗಿ ಬೇಕು. ಫಿಸಿಯೋಥೆರಪಿ ಮಾಡಿಸುವವರು ಇಲ್ಲಿದ್ದರೆ, ರೋಗಿಗಳ ಹತ್ತಿರ ಬಾಯಲ್ಲಿ ಹೇಗೆ ಹೇಳುತ್ತೀರೋ ಹಾಗೇ ಬರೆದು ಕಳಿಸಿ.